400 ಅಡಿಯಿಂದ ನೀರೆತ್ತಲು ಎಷ್ಟು ಎಚ್‌ಪಿ? ಲೆಕ್ಕದಲ್ಲಿ ಏಕಮಾನ ತಪ್ಪದಂತೆ ನೋಡಿಕೊಳ್ಳುವ ಬಗೆ

ಸೂತ್ರ ಸರಿಯಾಗಿದೆ, ಗುಣಾಕಾರ ಸರಿಯಾಗಿದೆ, ಉತ್ತರ ಮಾತ್ರ ತಪ್ಪು. ಭೌತಶಾಸ್ತ್ರದ ಲೆಕ್ಕದಲ್ಲಿ ಹೀಗಾದಾಗ ಮೊದಲು ನೋಡಬೇಕಾದದ್ದು ಏಕಮಾನಗಳನ್ನು. ಮೀಟರ್ ಬರಬೇಕಾದ ಜಾಗದಲ್ಲಿ ಅಡಿ, ಘನ ಮೀಟರ್ ಬರಬೇಕಾದಲ್ಲಿ ಲೀಟರ್, ನ್ಯೂಟನ್ ಬೇಕಾದಲ್ಲಿ ಕೆಜಿ ಬಂದು ಕೂತಿರುತ್ತದೆ. ಕ್ಯಾಲ್ಕುಲೇಟರಿಗೆ ಇದ್ಯಾವುದೂ ತಿಳಿಯದು. ಅದಕ್ಕೆ ಕಾಣುವುದು ಬರೀ ಅಂಕಿ.

ಈ ತಪ್ಪುಗಳಲ್ಲಿ ಎರಡು ಜಾತಿ. ಲೀಟರನ್ನು ಘನ ಮೀಟರ್ ಎಂದುಕೊಂಡರೆ ಉತ್ತರ ಸಾವಿರ ಪಟ್ಟು ಏರುಪೇರಾಗುತ್ತದೆ. ಮನೆಯ ಪಂಪಿಗೆ 4,000 ಎಚ್‌ಪಿ ಬೇಕು ಎಂದು ಬಂದರೆ ಯಾರಾದರೂ ನಕ್ಕು ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಇನ್ನೊಂದು ಜಾತಿಯದು ಎರಡರಿಂದ ಹತ್ತು ಪಟ್ಟಿನ ಒಳಗಿನದು. ಪೌಂಡ್ ಮತ್ತು ಕೆಜಿ ನಡುವೆ 2.2, ಅಡಿ ಮತ್ತು ಮೀಟರ್ ನಡುವೆ 3.28, ಕಿ.ಮೀ/ಗಂಟೆ ಮತ್ತು ಮೀ/ಸೆಕೆಂಡ್ ನಡುವೆ 3.6, ಪೌಂಡ್ ಬಲ ಮತ್ತು ನ್ಯೂಟನ್ ನಡುವೆ 4.45, ಕೆಜಿ ಬಲ ಮತ್ತು ನ್ಯೂಟನ್ ನಡುವೆ 9.81. ಇಲ್ಲಿ ತಪ್ಪಿದರೆ ಬರುವ ಉತ್ತರವೂ ನಂಬುವ ಹಾಗೆಯೇ ಇರುತ್ತದೆ. ಹಾಗಾಗಿ "ಉತ್ತರ ನೋಡಿದರೆ ಗೊತ್ತಾಗುತ್ತದೆ ಬಿಡಿ" ಎನ್ನುವ ಧೈರ್ಯ ಸಾಲದು. ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕದಲ್ಲಿ ಏಕಮಾನ ಇರಬೇಕು, ಅಂಕಿಯ ಜೊತೆ ಅದನ್ನೂ ಗುಣಿಸಿ ಭಾಗಿಸಬೇಕು.

ಇದನ್ನು ಒಂದು ಬೋರ್‌ವೆಲ್ ಲೆಕ್ಕ ಹಿಡಿದುಕೊಂಡು ನೋಡೋಣ. ಬೋರ್‌ವೆಲ್ಲಿನ ಮಾತುಕತೆಯಲ್ಲಿ ಆಳ ಅಡಿಯಲ್ಲಿ, ನೀರು ಇಂಚಿನಲ್ಲಿ, ಮೋಟಾರ್ ಎಚ್‌ಪಿಯಲ್ಲಿ, ಟ್ಯಾಂಕು ಲೀಟರಿನಲ್ಲಿ, ಕರೆಂಟು ಯೂನಿಟ್ಟಿನಲ್ಲಿ ಬರುವುದರಿಂದ ಎಡವಲು ಇಷ್ಟು ಒಳ್ಳೆಯ ಜಾಗ ಬೇರೆ ಸಿಗದು.

ಮೊದಲ ಸಾಲಲ್ಲೇ ಬದಲಿಸಿಕೊಳ್ಳಿ

ಪಂಪು ಓಡುತ್ತಿರುವಾಗ ನೀರಿನ ಮಟ್ಟ ನೆಲದಿಂದ 400 ಅಡಿ ಕೆಳಗಿದೆ ಎಂದುಕೊಳ್ಳಿ. (ಬೋರು ಎಷ್ಟು ಆಳ ಕೊರೆದಿದೆ ಎಂಬುದು ಬೇರೆ ಅಂಕಿ. ನೀರನ್ನು ಎತ್ತುವುದು ನೀರಿನ ಮಟ್ಟದಿಂದ, ಬೋರಿನ ತಳದಿಂದಲ್ಲ.) ಬೋರು ಕೊಡುವುದು "ಎರಡು ಇಂಚು ನೀರು". ಸೂತ್ರ ಹೀಗಿದೆ:

ಸಾಮರ್ಥ್ಯ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಹರಿವು × ಎತ್ತರ

ಸೂತ್ರಕ್ಕೆ ಅಂಕಿ ತುಂಬುವ ಮೊದಲೇ ಎಲ್ಲವನ್ನೂ ಎಸ್.ಐ. ಏಕಮಾನಕ್ಕೆ, ಅಂದರೆ ಮೀಟರ್, ಕೆಜಿ, ಸೆಕೆಂಡ್, ಆಂಪಿಯರ್, ಕೆಲ್ವಿನ್‌ಗೆ ತನ್ನಿ. ನಡುವೆ ಎಲ್ಲೂ ಬದಲಿಸಬೇಡಿ. ಕೊನೆಗೆ ಉತ್ತರ ಬಂದ ಮೇಲೆ ಬೇಕಾದ ಏಕಮಾನಕ್ಕೆ ಒಂದೇ ಸಲ ತಿರುಗಿಸಿ. ಅರ್ಧ ದಾರಿಯಲ್ಲಿ ಬದಲಿಸಿದವರು ಯಾವುದನ್ನು ಬದಲಿಸಿದೆ, ಯಾವುದು ಉಳಿಯಿತು ಎಂಬುದನ್ನೇ ಮರೆಯುತ್ತಾರೆ.

ಬದಲಿಸುವುದು ಭಿನ್ನರಾಶಿಯಿಂದ. 1 ಅಡಿ ಎಂದರೆ ನಿಖರವಾಗಿ 0.3048 ಮೀ. ಆದ್ದರಿಂದ (0.3048 ಮೀ ÷ 1 ಅಡಿ) ಎಂಬ ಭಿನ್ನರಾಶಿಯ ಬೆಲೆ 1. ಒಂದರಿಂದ ಗುಣಿಸಿದರೆ ಅಳತೆ ಬದಲಾಗುವುದಿಲ್ಲ, ಅದರ ಉಡುಪು ಮಾತ್ರ ಬದಲಾಗುತ್ತದೆ:

400 ಅಡಿ × (0.3048 ಮೀ ÷ 1 ಅಡಿ) = 121.92 ಮೀ

ಅಂಶದ ಅಡಿ, ಛೇದದ ಅಡಿ ಎರಡೂ ಹೊಡೆದುಹೋಗಿ ಮೀಟರ್ ಉಳಿಯಿತು. ಭಿನ್ನರಾಶಿಯನ್ನು ತಲೆಕೆಳಗಾಗಿ ಬರೆದಿದ್ದರೆ ಅಡಿ²/ಮೀ ಎಂಬ ಯಾವ ಕೆಲಸಕ್ಕೂ ಬಾರದ ಏಕಮಾನ ಉಳಿಯುತ್ತಿತ್ತು. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ವೇಗ ಬದಲಿಸಲು 5/18 ಎಂದು ಬಾಯಿಪಾಠ ಮಾಡುವವರಿಗೆ ಈ ಅನುಕೂಲ ಇಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಅದು 18/5 ಆಗಿಬಿಟ್ಟರೆ ಉತ್ತರ ಸುಮಾರು 13 ಪಟ್ಟು ತಪ್ಪುತ್ತದೆ. ಅದರ ಬದಲು ಹೀಗೆ ಬರೆಯಿರಿ:

72 ಕಿ.ಮೀ/ಗಂಟೆ × (1000 ಮೀ ÷ 1 ಕಿ.ಮೀ) × (1 ಗಂಟೆ ÷ 3600 ಸೆಕೆಂಡ್) = 20 ಮೀ/ಸೆಕೆಂಡ್

ಒಂದು ಸಾಲು ಹೆಚ್ಚಾಯಿತು, ಆದರೆ ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ. "ಮಿ" ಎಂದರೆ ಮಿಲಿಯೂ ಆಗಬಹುದು, ಮಿನಿಟೂ ಆಗಬಹುದು. ಗುಡಿಸು ದೀರ್ಘವಾದರೆ ಮೀಟರ್. "ಸೆ" ಸೆಕೆಂಡೋ, ಸೆಲ್ಸಿಯಸ್ಸೋ? ಅವಸರದಲ್ಲಿ ಬರೆದ "ಲೀ/ಮಿ" ಮತ್ತು "ಲೀ/ಮೀ" ನಡುವೆ ಇರುವುದು ಒಂದು ಸಣ್ಣ ಕೊಂಡಿ. ಮಿನಿಟು, ಗಂಟೆ, ಸೆಕೆಂಡ್‌ಗಳನ್ನು ಪೂರ್ತಿ ಬರೆದು, ಸಂಕ್ಷೇಪವನ್ನು ಮೀ, ಸೆಂ.ಮೀ, ಮಿ.ಮೀ, ಕಿ.ಮೀ, ಕೆಜಿಗಳಿಗಷ್ಟೇ ಇಟ್ಟುಕೊಂಡರೆ ಗೊಂದಲ ಇರದು.

"ಎರಡು ಇಂಚು ನೀರು" ಎಂದರೆ ಎಷ್ಟು?

ಇದು ಪೈಪಿನ ಅಳತೆ ಅಲ್ಲ. ಬೋರು ಕೊರೆದ ಮೇಲೆ ಹೊರಬರುವ ನೀರನ್ನು 90 ಡಿಗ್ರಿ ವಿ-ನಾಚ್ (ಇಂಗ್ಲಿಷಿನ V ಆಕಾರದ ಕಚ್ಚು) ಕತ್ತರಿಸಿದ ತಗಡಿನ ಮೂಲಕ ಹರಿಸಿ, ನಾಚ್‌ನ ಕೆಳತುದಿಯಿಂದ ನೀರು ಎಷ್ಟು ಇಂಚು ಎತ್ತರಕ್ಕೆ ನಿಂತಿದೆ ಎಂದು ಅಳೆಯುತ್ತಾರೆ. ಹರಿವಿನ ಸೂತ್ರ:

ಹರಿವು = 1.38 × ಎತ್ತರ^2.5

ಎತ್ತರ ಮೀಟರಿನಲ್ಲಿ, ಹರಿವು ಘನ ಮೀಟರ್ ಪ್ರತಿ ಸೆಕೆಂಡಿನಲ್ಲಿ. ಇಂಥ ಸೂತ್ರಗಳೇ ಹೆಚ್ಚು ಅಪಾಯಕಾರಿ, ಏಕೆಂದರೆ 1.38 ಬರೀ ಅಂಕಿಯಂತೆ ಕಂಡರೂ ಬರೀ ಅಂಕಿಯಲ್ಲ. ಎಡಗಡೆ ಮೀ³/ಸೆಕೆಂಡ್ ಇದೆ, ಬಲಗಡೆ ಮೀ^2.5 ಇದೆ. ಎರಡೂ ಸಮ ಆಗಬೇಕಾದರೆ 1.38ರ ಏಕಮಾನ ಮೀ^0.5/ಸೆಕೆಂಡ್ ಆಗಿರಲೇಬೇಕು. ಕಾರಣ ಹುಡುಕಿದರೆ ಸಿಗುತ್ತದೆ: ಆ ಅಂಕಿಯೊಳಗೆ ಗುರುತ್ವ ವೇಗೋತ್ಕರ್ಷದ ಎರಡು ಪಟ್ಟಿನ ವರ್ಗಮೂಲ ಅಡಗಿದೆ. ಅಡಿಯಲ್ಲಿ ಲೆಕ್ಕ ಮಾಡುವವರಿಗೆ ಅದೇ ಸ್ಥಿರಾಂಕ 1.38ರ ಬದಲು 2.5 ಆಗುತ್ತದೆ (1.38 × 3.281ರ ವರ್ಗಮೂಲ). ಅಡಿಯ ಪುಸ್ತಕದಿಂದ 2.5 ಎತ್ತಿಕೊಂಡು ಎತ್ತರವನ್ನು ಮೀಟರಿನಲ್ಲಿ ತುಂಬಿದರೆ ಹರಿವು 1.8 ಪಟ್ಟು ಹೆಚ್ಚು ಬರುತ್ತದೆ. ಹಾಗೆ ಬಂದ ಅಂಕಿಯನ್ನು ಅನುಮಾನಿಸುವವರು ಯಾರು?

ಪ್ರಯೋಗದಿಂದ ಬಂದ ಯಾವ ಸೂತ್ರವನ್ನಾದರೂ ಬಳಸುವ ಮುನ್ನ ಯಾವ ಅಳತೆಯನ್ನು ಯಾವ ಏಕಮಾನದಲ್ಲಿ ತುಂಬಬೇಕೆಂದು ಪಕ್ಕದಲ್ಲಿ ಬರೆದುಕೊಳ್ಳಿ. ಅದು ಎಲ್ಲೂ ಬರೆದಿಲ್ಲದಿದ್ದರೆ ಆ ಸೂತ್ರವನ್ನು ಮುಟ್ಟಬೇಡಿ.

ಈಗ ಲೆಕ್ಕ. 2 ಇಂಚು × (0.0254 ಮೀ ÷ 1 ಇಂಚು) = 0.0508 ಮೀ. ಇದರ 2.5ನೇ ಘಾತ 0.000582. 1.38ರಿಂದ ಗುಣಿಸಿದರೆ 0.000803 ಮೀ³/ಸೆಕೆಂಡ್, ಅಂದರೆ ಸೆಕೆಂಡಿಗೆ 0.8 ಲೀಟರ್, ಗಂಟೆಗೆ ಸುಮಾರು 2,890 ಲೀಟರ್. ಒಂದು ಇಂಚಾದರೆ ಗಂಟೆಗೆ 510 ಲೀಟರ್ ಮಾತ್ರ, ಮೂರು ಇಂಚಾದರೆ 8,000ದ ಹತ್ತಿರ. ಇಂಚು ಎರಡರಷ್ಟಾದರೆ ನೀರು ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತಲೂ ಜಾಸ್ತಿ. "ಪಕ್ಕದ ಹೊಲದಲ್ಲಿ ಮೂರಿಂಚು, ನಮ್ಮದರಲ್ಲಿ ಎರಡಿಂಚು, ಏನು ಮಹಾ ವ್ಯತ್ಯಾಸ" ಎನ್ನುವವರಿಗೆ ಇದನ್ನು ತೋರಿಸಬಹುದು.

ಎತ್ತರವನ್ನು ಸೆಂ.ಮೀ.ನಲ್ಲಿ, ಅಂದರೆ 5.08 ಎಂದೇ ತುಂಬಿದ್ದರೆ ಉತ್ತರ ಸೆಕೆಂಡಿಗೆ 80 ಘನ ಮೀಟರ್. ಅದು ಬೋರಲ್ಲ, ಹೊಳೆ.

ಏಕಮಾನಗಳನ್ನೂ ಗುಣಿಸಿ

ಈಗ ಸಾಮರ್ಥ್ಯ:

1000 ಕೆಜಿ/ಮೀ³ × 9.81 ಮೀ/ಸೆಕೆಂಡ್² × 0.000803 ಮೀ³/ಸೆಕೆಂಡ್ × 121.92 ಮೀ

ಅಂಕಿಗಳನ್ನು ಬಿಟ್ಟು ಏಕಮಾನಗಳನ್ನು ಮಾತ್ರ ನೋಡಿ. ಮೊದಲನೆಯದರ ಛೇದದ ಮೀ³, ಮೂರನೆಯದರ ಅಂಶದ ಮೀ³ ಹೊಡೆದುಹೋಗುತ್ತವೆ. ಉಳಿಯುವುದು ಕೆಜಿ × ಮೀ² ÷ ಸೆಕೆಂಡ್³. ಇದು ವ್ಯಾಟ್ ಹೌದೇ? ನ್ಯೂಟನ್ ಎಂದರೆ ಕೆಜಿ·ಮೀ/ಸೆಕೆಂಡ್². ಅದನ್ನು ಮೀಟರಿನಿಂದ ಗುಣಿಸಿದರೆ ಜೂಲ್, ಜೂಲನ್ನು ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. ಹೊಂದಿತು. ಏಕಮಾನ ಹೊಂದಿದ ಮೇಲಷ್ಟೇ ಕ್ಯಾಲ್ಕುಲೇಟರ್ ಮುಟ್ಟಿ: 960 ವ್ಯಾಟ್.

ಇದು ನೀರಿಗೆ ಸೇರಬೇಕಾದ ಸಾಮರ್ಥ್ಯ. ಪಂಪಿನ ದಕ್ಷತೆ 50% ಎಂದು ಹಿಡಿದರೆ ಮೋಟಾರಿನ ಶಾಫ್ಟ್ ಕೊಡಬೇಕಾದದ್ದು 960 ÷ 0.5 = 1,920 ವ್ಯಾಟ್. ಈಗ, ಕಟ್ಟಕಡೆಗೆ, ಎಚ್‌ಪಿಗೆ ತಿರುಗಿಸಿ: 1,920 ವ್ಯಾಟ್ × (1 ಎಚ್‌ಪಿ ÷ 746 ವ್ಯಾಟ್) = 2.6 ಎಚ್‌ಪಿ. ಅಂಗಡಿಯಲ್ಲಿ ಸಿಗುವುದು 3 ಎಚ್‌ಪಿ. ಅದರ ಪ್ಲೇಟಿನ ಮೇಲೆ 2.2 ಕಿಲೋವ್ಯಾಟ್ ಎಂದೂ ಇರುತ್ತದೆ. ಇಲ್ಲಿ ಪೈಪಿನ ಘರ್ಷಣೆ ಸೇರಿಸಿಲ್ಲ. ಅದನ್ನೂ ಮೀಟರಿನಲ್ಲೇ ಎತ್ತರಕ್ಕೆ ಕೂಡಬೇಕು. ಇನ್ನು ದಕ್ಷತೆಯೇ ಅಂದಾಜಿನದಾಗಿರುವಾಗ 2.574 ಎಚ್‌ಪಿ ಎಂದು ಬರೆಯುವುದು ಸುಳ್ಳು ನಿಖರತೆ.

ಇದೇ ಲೆಕ್ಕವನ್ನು ಎರಡು ಬಗೆಯಲ್ಲಿ ಕೆಡಿಸಿ ನೋಡೋಣ. ಹರಿವನ್ನು ಲೀಟರಿನಲ್ಲಿ 0.803 ಎಂದು, ಎತ್ತರವನ್ನು ಅಡಿಯಲ್ಲಿ 400 ಎಂದು ತುಂಬಿದರೆ ನೀರಿಗೇ 31.5 ಲಕ್ಷ ವ್ಯಾಟ್, ಅಂದರೆ 4,200 ಎಚ್‌ಪಿ ದಾಟುತ್ತದೆ. ಇದು ಕೂಡಲೇ ಗೊತ್ತಾಗುತ್ತದೆ. ಆದರೆ ಹರಿವನ್ನು ಸರಿಯಾಗಿ ಬದಲಿಸಿ, 400 ಅಡಿಯನ್ನು ಮಾತ್ರ ಹಾಗೇ ಬಿಟ್ಟರೆ ಶಾಫ್ಟಿಗೆ ಸುಮಾರು 6,300 ವ್ಯಾಟ್, ಅಂದರೆ ಎಂಟೂವರೆ ಎಚ್‌ಪಿ. ಹತ್ತು ಎಚ್‌ಪಿ ಮೋಟಾರ್ ಮಾರುಕಟ್ಟೆಯಲ್ಲಿ ಇದೆ, ಎಷ್ಟೋ ತೋಟಗಳಲ್ಲಿ ಓಡುತ್ತಲೂ ಇದೆ. ಉತ್ತರದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಬೋರು ಕೊಡುವುದಕ್ಕಿಂತ ಹೆಚ್ಚು ನೀರು ಎಳೆಯುವ ಪಂಪು ಕೂತರೆ ನೀರಿನ ಮಟ್ಟ ಪಂಪಿನ ಕೆಳಗಿಳಿದು, ಮೋಟಾರ್ ನೀರಿಲ್ಲದೆ ಓಡಿ, ಬಿಸಿಯಾಗಿ ಸುಡುತ್ತದೆ.

ಪಂಪಿನವರು ಬಳಸುವ ಚಿಕ್ಕ ಸೂತ್ರವೊಂದಿದೆ: ಲೀಟರ್/ಸೆಕೆಂಡ್ × ಮೀಟರ್ ÷ (75 × ದಕ್ಷತೆ) = ಎಚ್‌ಪಿ. ನಮ್ಮ ಅಂಕಿಗೆ ಇದು 0.803 × 121.92 ÷ 37.5 = 2.6. ಹೊಂದುತ್ತದೆ. ಈ 75 ಕೂಡ 1.38ರ ಹಾಗೆಯೇ ಏಕಮಾನ ಅಡಗಿಸಿಕೊಂಡ ಅಂಕಿ: 735.5 ವ್ಯಾಟಿನ ಮೆಟ್ರಿಕ್ ಎಚ್‌ಪಿಯನ್ನು 9.81ರಿಂದ ಭಾಗಿಸಿದರೆ ಬರುವುದು. ಲೀಟರ್ ಪ್ರತಿ ಮಿನಿಟಿನಲ್ಲಿ ಹರಿವು ಕೊಟ್ಟಿರುವ ಪಂಪಿನ ಕೈಪಿಡಿ ನೋಡಿ ಇದಕ್ಕೆ ನೇರವಾಗಿ ತುಂಬಿದರೆ 60 ಪಟ್ಟು ತಪ್ಪು.

ಕರೆಂಟಿನ ಲೆಕ್ಕ ಬೇಕಿದ್ದರೆ ಮೋಟಾರಿನ ದಕ್ಷತೆಯನ್ನೂ ಸೇರಿಸಬೇಕು. 75% ಎಂದರೆ ಒಳಹೋಗುವುದು 1,920 ÷ 0.75 = 2,560 ವ್ಯಾಟ್. ದಿನಕ್ಕೆ ಆರು ಗಂಟೆ ಓಡಿದರೆ 2.56 ಕಿಲೋವ್ಯಾಟ್ × 6 ಗಂಟೆ = 15.4 ಕಿಲೋವ್ಯಾಟ್-ಗಂಟೆ, ಬಿಲ್ಲಿನ ಭಾಷೆಯಲ್ಲಿ 15.4 ಯೂನಿಟ್. ಇದನ್ನು "ಕಿಲೋವ್ಯಾಟ್ ಪ್ರತಿ ಗಂಟೆ" ಎಂದು ಬರೆಯುವವರು ಬಹಳ. ಅದು ಭಾಗಾಕಾರ, ಇದು ಗುಣಾಕಾರ. ಒಂದು ಯೂನಿಟ್ ಎಂದರೆ 1000 ವ್ಯಾಟ್ × 3600 ಸೆಕೆಂಡ್ = 36 ಲಕ್ಷ ಜೂಲ್.

1.77 ಎಂಬ ಒಂಟಿ ಅಂಕಿ

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೋಗುತ್ತಿದ್ದಾಗ 41,000 ಅಡಿ ಎತ್ತರದಲ್ಲಿ ಇಂಧನ ಖಾಲಿಯಾಯಿತು. ಎರಡೂ ಎಂಜಿನ್ ನಿಂತ ವಿಮಾನವನ್ನು ಪೈಲಟ್‌ಗಳು ತೇಲಿಸಿಕೊಂಡು ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ. ಆಗ ಕೆನಡಾ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು, ಈ ವಿಮಾನದ ಇಂಧನ ಲೆಕ್ಕ ಕೆಜಿಯಲ್ಲಿ ಇತ್ತು. ಇಂಧನದ ಗೇಜ್ ಕೆಟ್ಟಿದ್ದರಿಂದ ಕೈಲೆಕ್ಕ ಮಾಡಿದ್ದರು.

ಪ್ರಯಾಣಕ್ಕೆ ಬೇಕಿದ್ದದ್ದು 22,300 ಕೆಜಿ. ಟ್ಯಾಂಕಿನಲ್ಲಿ ಇದ್ದದ್ದು 7,682 ಲೀಟರ್. ಅದನ್ನು ತೂಕಕ್ಕೆ ತಿರುಗಿಸಲು 1.77ರಿಂದ ಗುಣಿಸಿದರು: 13,597. ಇದನ್ನು ಕೆಜಿ ಎಂದುಕೊಂಡು 22,300ರಲ್ಲಿ ಕಳೆದು, ಉಳಿದ 8,703ನ್ನು ಮತ್ತೆ 1.77ರಿಂದ ಭಾಗಿಸಿ ಸುಮಾರು 4,917 ಲೀಟರ್ ತುಂಬಿಸಿದರು. ಕೂಡುವುದು, ಕಳೆಯುವುದು ಎಲ್ಲ ಸರಿ. ಆದರೆ 1.77 ಎಂಬುದು ಪೌಂಡ್ ಪ್ರತಿ ಲೀಟರ್. ಕೆಜಿಗೆ ಬೇಕಿದ್ದದ್ದು 0.8ರ ಆಸುಪಾಸಿನ ಅಂಕಿ. ನಿಜಕ್ಕೂ ತುಂಬಿಸಬೇಕಿದ್ದದ್ದು 20,000 ಲೀಟರಿನಷ್ಟು.

ಕಾಗದದ ಮೇಲೆ 7,682 ಲೀಟರ್ × 1.77 ಪೌಂಡ್/ಲೀಟರ್ ಎಂದು ಬರೆದಿದ್ದರೆ ಲೀಟರ್ ಹೊಡೆದು 13,597 ಪೌಂಡ್ ಎಂದು ತಾನಾಗಿಯೇ ಬರುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಸೀಮೆಎಣ್ಣೆಯ ಜಾತಿಯ ಇಂಧನ ನೀರಿನ ಮೇಲೆ ತೇಲುತ್ತದೆ. ಹಾಗಾದರೆ ಅದರ ಒಂದು ಲೀಟರ್ 1 ಕೆಜಿಗಿಂತ ಕಮ್ಮಿ ತೂಗಲೇಬೇಕು, 1.77 ಕೆಜಿ ತೂಗುವ ಎಣ್ಣೆ ಎಲ್ಲಿಂದ ಬರಬೇಕು?

1999ರ ಸೆಪ್ಟೆಂಬರ್ 23ರಂದು ನಾಸಾ ಕಳೆದುಕೊಂಡ ಮಂಗಳ ಗ್ರಹದ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನ ಕಥೆಯೂ ಇದೇ ಜಾತಿಯದು. ಒಂದು ಸಾಫ್ಟ್‌ವೇರ್ ಪೌಂಡ್ ಬಲ-ಸೆಕೆಂಡಿನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ಓದಿತು. 4.45 ಪಟ್ಟು.

ಚದರ, ಘನ ಬಂದಾಗ

ಉದ್ದ ಬದಲಿಸಲು ಒಂದು ಸಲ ಗುಣಿಸಿದರೆ ಸಾಕು, ಚದರಕ್ಕೆ ಎರಡು ಸಲ, ಘನಕ್ಕೆ ಮೂರು ಸಲ. 30×40 ಸೈಟಿನ ಪೂರ್ತಿ ಚಾವಣಿ ಹಾಕಿದ ಮನೆ, ಮಳೆ 20 ಮಿ.ಮೀ. ಎಷ್ಟು ನೀರು? 1,200 ಅಡಿ² × (0.3048 ಮೀ ÷ 1 ಅಡಿ)² = 111.5 ಮೀ². ಒಂದು ಮೀ² ಮೇಲೆ 1 ಮಿ.ಮೀ ಮಳೆ ಎಂದರೆ ಸರಿಯಾಗಿ 1 ಲೀಟರ್. ಆದ್ದರಿಂದ 2,230 ಲೀಟರ್. 1,200ನ್ನು ಒಂದೇ ಸಲ 3.28ರಿಂದ ಭಾಗಿಸಿದವರಿಗೆ 7,300 ಲೀಟರ್ ಸಿಗುತ್ತದೆ, ಮೂರು ಪಟ್ಟು ದೊಡ್ಡ ಸಂಪನ್ನು ಕಟ್ಟಿಸುತ್ತಾರೆ. ಭಿನ್ನರಾಶಿಯನ್ನು ಆವರಣದಲ್ಲಿಟ್ಟು ಆವರಣದ ಮೇಲೆ ವರ್ಗ ಹಾಕುವುದು ಇದಕ್ಕೇ.

ತಂತಿಯ ರೋಧದ ಲೆಕ್ಕದಲ್ಲೂ ಇದೇ. ಮನೆ ವೈರಿಂಗಿನ 1.5 ಚದರ ಮಿ.ಮೀ ತಾಮ್ರದ ತಂತಿ, 90 ಮೀಟರಿನ ಒಂದು ಕಾಯಿಲ್. ತಾಮ್ರದ ರೋಧಶೀಲತೆ 1.72 × 10⁻⁸ ಓಮ್·ಮೀ. 1.5 ಮಿ.ಮೀ² = 1.5 × 10⁻⁶ ಮೀ². ರೋಧ = 1.72 × 10⁻⁸ × 90 ÷ (1.5 × 10⁻⁶) = 1.03 ಓಮ್. ಮಿಲಿ ಎಂದರೆ 10⁻³ ತಾನೆ ಎಂದು 1.5 × 10⁻³ ಬರೆದರೆ ಉತ್ತರ ಸಾವಿರದ ಒಂದು ಭಾಗವಾಗುತ್ತದೆ. ಮಿ.ಮೀ² ಎಂದರೆ (ಮಿ.ಮೀ)², ವರ್ಗ ಮಿಲಿಗೂ ಸೇರಿದ್ದು.

ಕೆಜಿ ಎಂಬ ಇಬ್ಬಂದಿ

ಎಸ್.ಐ.ನಲ್ಲಿ ಕೆಜಿ ರಾಶಿಯ ಏಕಮಾನ. ಆದರೆ ಪಂಪಿನ ಮೇಲಿನ ಒತ್ತಡದ ಗೇಜ್ ಕೆಜಿ/ಸೆಂ.ಮೀ² ಎಂದು ತೋರಿಸುವಾಗ ಅಲ್ಲಿರುವ ಕೆಜಿ ಬಲ, ಅಂದರೆ 9.81 ನ್ಯೂಟನ್. 1 ಕೆಜಿ/ಸೆಂ.ಮೀ² ಎಂದರೆ 9.81 ನ್ಯೂಟನ್ ÷ 10⁻⁴ ಮೀ² = 98,100 ಪಾಸ್ಕಲ್. ಇದು 10 ಮೀಟರ್ ನೀರಿನ ಕಂಬದ ಒತ್ತಡ. ಗೇಜ್ 4 ತೋರಿಸಿದರೆ 40 ಮೀಟರ್, 131 ಅಡಿ ಎತ್ತರಕ್ಕೆ ತಳ್ಳುತ್ತಿದೆ ಎಂದರ್ಥ. ಪರೀಕ್ಷೆಯ ಲೆಕ್ಕದಲ್ಲಿ "5 ಕೆಜಿ ತೂಕ ನೇತುಹಾಕಿದೆ" ಎಂದಿದ್ದರೆ ಬಲ 49 ನ್ಯೂಟನ್, 5 ಅಲ್ಲ. ಗ್ರಾಂ ಕಂಡ ಕಡೆ ಕೆಜಿ ಮಾಡುವುದನ್ನೂ ಮರೆಯಬೇಡಿ, ಎಸ್.ಐ. ಮೂಲ ಏಕಮಾನಗಳಲ್ಲಿ ಹೆಸರಿನೊಳಗೇ ಕಿಲೋ ಇರುವುದು ಇದೊಂದೇ.

ಸೊನ್ನೆ ಎಲ್ಲಿಂದ ಶುರು?

ಕೆಲವು ಅಳತೆಗಳಲ್ಲಿ ಗುಣಿಸಿದರೆ ಸಾಲದು, ಸೊನ್ನೆಯನ್ನೇ ಸರಿಸಬೇಕು. ತಾಪ ಮತ್ತು ಅನಿಲದ ಒತ್ತಡ ಇಂಥವು. ಪೆಟ್ರೋಲ್ ಬಂಕಿನಲ್ಲಿ 27 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟೈರಿಗೆ 32 ಪಿ.ಎಸ್.ಐ. ಗಾಳಿ ತುಂಬಿದ್ದೀರಿ. ಹೆದ್ದಾರಿಯಲ್ಲಿ ಓಡಿ ಟೈರಿನ ಗಾಳಿ 57 ಡಿಗ್ರಿಗೆ ಏರಿತು. ಗೇಜ್ ಎಷ್ಟು ತೋರಿಸಬೇಕು?

ಗೇಜ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ನಿಜವಾದ ಒತ್ತಡ 32 + 14.7 = 46.7 ಪಿ.ಎಸ್.ಐ. ತಾಪಗಳು, ಸೆಲ್ಸಿಯಸ್‌ಗೆ 273 ಕೂಡಿದರೆ, 300 ಮತ್ತು 330 ಕೆಲ್ವಿನ್. 46.7 × 330 ÷ 300 = 51.4. ಮತ್ತೆ 14.7 ಕಳೆದರೆ ಗೇಜ್ 36.7 ತೋರಿಸುತ್ತದೆ. ಗೇಜಿನ 32ನ್ನೇ ಹಿಡಿದು ಸೆಲ್ಸಿಯಸ್ಸನ್ನೇ ಭಾಗಿಸಿದರೆ 67 ದಾಟುತ್ತದೆ. ಕೆಲ್ವಿನ್ ಹಾಕಿಯೂ ವಾತಾವರಣದ ಒತ್ತಡ ಸೇರಿಸದಿದ್ದರೆ 35.2, ಇದು ಎಷ್ಟು ಹತ್ತಿರ ಬರುತ್ತದೆಂದರೆ ತಪ್ಪು ಎಂದು ಹೇಳುವುದೇ ಕಷ್ಟ. ಗಮನಿಸಿ, ಇಲ್ಲಿ ಪಿ.ಎಸ್.ಐ.ಯನ್ನು ಪಾಸ್ಕಲ್ ಮಾಡುವ ಅಗತ್ಯವಿರಲಿಲ್ಲ. ಅನುಪಾತದಲ್ಲಿ ಎರಡೂ ಕಡೆ ಒಂದೇ ಏಕಮಾನ ಇದ್ದರೆ ಸಾಕು, ಸೊನ್ನೆ ಮಾತ್ರ ನಿಜವಾದ ಸೊನ್ನೆಯಾಗಿರಬೇಕು. ತಾಪದ ವ್ಯತ್ಯಾಸ ಮಾತ್ರ ಬರುವ ಲೆಕ್ಕಕ್ಕೆ, ಉದಾಹರಣೆಗೆ ಗೀಸರಿನಲ್ಲಿ ನೀರು ಕಾಯಿಸುವುದಕ್ಕೆ, 273 ಕೂಡಬೇಕಿಲ್ಲ. ಕೂಡಿದರೆ ಎರಡೂ ಕಡೆ ಕೂಡಿ ಕಳೆದುಹೋಗುತ್ತದೆ.

ಅನಿಲದ ಲೆಕ್ಕದಲ್ಲಿ ಸ್ಥಿರಾಂಕವನ್ನೂ ನೋಡಿಕೊಳ್ಳಿ. 8.314 ಹಾಕಿದರೆ ಒತ್ತಡ ಪಾಸ್ಕಲ್, ಗಾತ್ರ ಘನ ಮೀಟರ್. 0.0821 ಹಾಕಿದರೆ ವಾತಾವರಣ ಮತ್ತು ಲೀಟರ್. ರಸಾಯನಶಾಸ್ತ್ರದ ನೋಟ್ಸಿನಿಂದ ಸ್ಥಿರಾಂಕ, ಭೌತಶಾಸ್ತ್ರದ ನೋಟ್ಸಿನಿಂದ ಒತ್ತಡ ತಂದರೆ ಎರಡೂ ಜಗಳವಾಡುತ್ತವೆ.

ಏಕಮಾನ ಹೊಂದಿದರೂ ತಪ್ಪುವ ಜಾಗ

ಕೋನವನ್ನು ಅಳೆಯುವ ರೇಡಿಯನ್‌ಗೆ ಆಯಾಮ ಇಲ್ಲ. ಅದಕ್ಕೇ ಅದು ಏಕಮಾನಗಳನ್ನು ಹೊಡೆದುಹಾಕುವಾಗ ಸಿಕ್ಕಿಬೀಳುವುದಿಲ್ಲ. 2,200 ವ್ಯಾಟಿನ, 2,880 ಆರ್‌ಪಿಎಂ (ಮಿನಿಟಿಗೆ ಸುತ್ತು) ಮೋಟಾರಿನ ತಿರುಚುಬಲ (ಟಾರ್ಕ್) ಬೇಕು ಎನ್ನಿ. ಸಾಮರ್ಥ್ಯವನ್ನು ಕೋನ ವೇಗದಿಂದ ಭಾಗಿಸಬೇಕು. 2,880 ಸುತ್ತು/ಮಿನಿಟು × (2 × 3.1416 ರೇಡಿಯನ್ ÷ 1 ಸುತ್ತು) × (1 ಮಿನಿಟು ÷ 60 ಸೆಕೆಂಡ್) = 301.6 ರೇಡಿಯನ್/ಸೆಕೆಂಡ್, ತಿರುಚುಬಲ 7.3 ನ್ಯೂಟನ್·ಮೀ. ಸುತ್ತನ್ನು ರೇಡಿಯನ್ ಮಾಡದೆ ಸೆಕೆಂಡಿಗೆ 48 ಎಂದು ಭಾಗಿಸಿದರೆ 45.8 ಬರುತ್ತದೆ. ಏಕಮಾನ ಆಗಲೂ ನ್ಯೂಟನ್·ಮೀ ಎಂದೇ ಕಾಣುತ್ತದೆ, ಅಂಕಿ 6.28 ಪಟ್ಟು ತಪ್ಪು. ಉಪಾಯ ಇಷ್ಟೇ: "ಸುತ್ತು", "ರೇಡಿಯನ್" ಎಂಬ ಪದಗಳನ್ನೂ ಏಕಮಾನದಂತೆ ಬರೆಯಿರಿ, ಸುತ್ತು ಹೊಡೆದುಹೋಗುವ ತನಕ ಬಿಡಬೇಡಿ.

ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇದೆಯೋ ಡಿಗ್ರಿಯಲ್ಲಿ ಇದೆಯೋ ತಿಳಿಯಲು ಸೈನ್ 30 ಒತ್ತಿ. 0.5 ಬರಬೇಕು. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ. ಎಕ್ಸೆಲ್ ಯಾವಾಗಲೂ ರೇಡಿಯನ್ನೇ ಕೇಳುತ್ತದೆ.

ಚಲನಶಕ್ತಿಯ ಸೂತ್ರದ ಅರ್ಧವನ್ನು ಮರೆತರೂ ಏಕಮಾನ ಜೂಲೇ. ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕಿದರೂ ಮೀಟರೇ. ಹಾಗಾಗಿ ಏಕಮಾನದ ಪರೀಕ್ಷೆ ಪಾಸಾದದ್ದು ಉತ್ತರ ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಫೇಲಾದರೆ ಮಾತ್ರ ಉತ್ತರ ಖಂಡಿತ ತಪ್ಪು. ಉಳಿದದ್ದಕ್ಕೆ ಕೈಯಳತೆಯ ಅಂಕಿಗಳು ಬೇಕು. ನಡಿಗೆಯ ವೇಗ ಸೆಕೆಂಡಿಗೆ ಒಂದು ಮೀಟರ್ ಚಿಲ್ಲರೆ, ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಕಾಗದದ ದಪ್ಪ 0.1 ಮಿ.ಮೀ, 10 ಮೀಟರ್ ನೀರು ಎಂದರೆ ಒಂದು ವಾತಾವರಣದ ಒತ್ತಡ. ಬಂದ ಉತ್ತರವನ್ನು ಇವುಗಳಲ್ಲಿ ಒಂದರ ಪಕ್ಕ ಇಟ್ಟು ನೋಡಿ.

ಎಕ್ಸೆಲ್ ಹಾಳೆಯಲ್ಲಿ

ಹಾಳೆಯಲ್ಲಿ ಅಂಕಿಯ ಪಕ್ಕ ಏಕಮಾನ ಟೈಪ್ ಮಾಡಿದರೆ ಅದು ಅಕ್ಷರವೆಂದು ತಿಳಿದು ಲೆಕ್ಕ ನಿಲ್ಲುತ್ತದೆ. ಏಕಮಾನವನ್ನು ತಲೆಬರಹಕ್ಕೆ ಹಾಕಿ: "ನೀರಿನ ಮಟ್ಟ, ಅಡಿ", ಅದರ ಪಕ್ಕದ ಕಂಬದಲ್ಲಿ "ನೀರಿನ ಮಟ್ಟ, ಮೀ". ಅಡಿಯ ಕಂಬ ತುಂಬಲು ಮಾತ್ರ, ಸೂತ್ರಗಳೆಲ್ಲ ಮೀಟರಿನ ಕಂಬವನ್ನೇ ಹಿಡಿಯಲಿ. 0.3048, 746 ಇಂಥ ಅಂಕಿಗಳನ್ನು ಸೂತ್ರದೊಳಗೆ ಹೂಳಬೇಡಿ. ಒಂದು ಮೂಲೆಯಲ್ಲಿ ಹೆಸರು ಮತ್ತು ಏಕಮಾನದ ಸಮೇತ ಇಟ್ಟು ಅಲ್ಲಿಂದ ಕರೆಯಿರಿ. ಪೈಥಾನ್ ಬಳಸುವವರಿಗೆ ಪಿಂಟ್ ಎಂಬ ಲೈಬ್ರರಿ ಇದೆ. ಅದರಲ್ಲಿ ಅಂಕಿಗೆ ಏಕಮಾನ ಅಂಟಿಕೊಂಡೇ ಇರುತ್ತದೆ. ಅಡಿಗೆ ಸೆಕೆಂಡ್ ಕೂಡಿಸಲು ಹೋದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಹಾಳೆ ಸಿದ್ಧವಾದ ಮೇಲೆ ನಿಮ್ಮ ಬೋರಿನ ಅಂಕಿ ತುಂಬುವ ಮೊದಲು ಉತ್ತರ ಗೊತ್ತಿರುವ ಅಂಕಿ ತುಂಬಿ. ಸೆಕೆಂಡಿಗೆ 1 ಲೀಟರ್, 1 ಮೀಟರ್ ಎತ್ತರ, ದಕ್ಷತೆ 100%: ಉತ್ತರ 9.81 ವ್ಯಾಟ್ ಬರಬೇಕು. 9,810 ಬಂದರೆ ಲೀಟರ್ ಘನ ಮೀಟರ್ ಆಗಿಲ್ಲ, 2.99 ಬಂದರೆ ಮೀಟರನ್ನು ಅಡಿಯ ಕಂಬದಲ್ಲಿ ತುಂಬಿದ್ದೀರಿ, 1 ಬಂದರೆ ಗುರುತ್ವ ಬಿಟ್ಟುಹೋಗಿದೆ.